ಮೋರಿ ನೀರಿನಲ್ಲಿ ಸಿಕ್ಕ ಮದ್ದು

2015ರ ನವೆಂಬರ್. ಈಜಿಪ್ಟ್. ನೈಲ್ ನದಿಯ ಮೇಲೆ ಪ್ರವಾಸಿಗರ ಹಡಗು. ಆ ಹಡಗಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಿಂದ ಬಂದಿದ್ದ ಗಂಡ ಹೆಂಡತಿ. ಗಂಡನ ಹೆಸರು ಟಾಮ್ ಪ್ಯಾಟರ್ಸನ್, 68 ವರ್ಷ, ಯೂನಿವರ್ಸಿಟಿ ಪ್ರೊಫೆಸರ್. ಹೆಂಡತಿ ಸ್ಟೆಫನಿ ಸ್ಟ್ರಾತ್‌ಡೀ. ಸಾಂಕ್ರಾಮಿಕ ರೋಗ ಹೇಗೆ ಹರಡುತ್ತೆ ಅನ್ನೋದನ್ನು ಅಧ್ಯಯನ ಮಾಡೋದೇ ಈಕೆಯ ವೃತ್ತಿ. ಅದೂ ಸಣ್ಣಪುಟ್ಟ ಹೆಸರಲ್ಲ, ಎಚ್‌ಐವಿ ಬಗ್ಗೆ ಕೆಲಸ ಮಾಡಿದ ದೊಡ್ಡ ವಿಜ್ಞಾನಿ.

ಒಂದು ರಾತ್ರಿ ಊಟ ಆದ ಮೇಲೆ ಟಾಮ್‌ಗೆ ವಾಂತಿ ಶುರುವಾಯ್ತು. ಪ್ರವಾಸ ಅಂದ ಮೇಲೆ ಹೊಟ್ಟೆ ಕೆಡೋದು ಮಾಮೂಲು ಅಲ್ವಾ? ತಿಂದಿದ್ದು ಹಿಡಿಸಿಲ್ಲ ಅಂದುಕೊಂಡರು. ವಾಂತಿ ನಿಲ್ಲಲಿಲ್ಲ. ಲಕ್ಸರ್ ಪಟ್ಟಣದ ಆಸ್ಪತ್ರೆಗೆ ಹೋದರು, ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಅಂದರು. ಅಲ್ಲಿಂದ ಏರ್ ಆ್ಯಂಬುಲೆನ್ಸ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್. ಅಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ ಹೊಟ್ಟೆಯೊಳಗೆ ಫುಟ್‌ಬಾಲ್ ಗಾತ್ರದ ಒಂದು ಗಂಟು. ಅದರ ತುಂಬ ಕೊಳೆತ ದ್ರವ. ಆ ದ್ರವವನ್ನು ಲ್ಯಾಬ್‌ಗೆ ಕಳಿಸಿದಾಗ ಒಂದು ಹೆಸರು ಬಂತು: ಅಸಿನೆಟೊಬ್ಯಾಕ್ಟರ್ ಬೌಮನಿ.

ಈ ಹೆಸರು ಕೇಳಿದರೆ ಐಸಿಯು ಡಾಕ್ಟರ್‌ಗಳ ಮುಖದ ಬಣ್ಣ ಬದಲಾಗುತ್ತೆ. ಇರಾಕ್ ಯುದ್ಧದಲ್ಲಿ ಗಾಯಗೊಂಡು ಬಂದ ಅಮೆರಿಕದ ಸೈನಿಕರ ಮೈಯಲ್ಲಿ ಈ ಬ್ಯಾಕ್ಟೀರಿಯಾ ಎಷ್ಟು ಕಾಡಿತ್ತು ಅಂದ್ರೆ, ಅದಕ್ಕೆ ಇರಾಕಿಬ್ಯಾಕ್ಟರ್ ಅಂತಲೇ ಅಡ್ಡಹೆಸರು ಬಿದ್ದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ತುರ್ತಾಗಿ ಹೊಸ ಔಷಧ ಬೇಕಾಗಿರುವ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿತು. ಅದರಲ್ಲಿ ಅತಿ ಗಂಭೀರ ಅನ್ನೋ ಗುಂಪಿನಲ್ಲಿ ಇದೂ ಸೇರಿತು.

ಟಾಮ್‌ನನ್ನು ಸ್ಯಾನ್ ಡಿಯಾಗೊಗೆ ತಂದರು. ಅವನು ಮತ್ತು ಅವನ ಹೆಂಡತಿ ಕೆಲಸ ಮಾಡೋ ಯೂನಿವರ್ಸಿಟಿಯದೇ ಆಸ್ಪತ್ರೆ. ಒಂದಾದ ಮೇಲೊಂದು ಆ್ಯಂಟಿಬಯೋಟಿಕ್ ಕೊಟ್ಟರು. ಆ ಬ್ಯಾಕ್ಟೀರಿಯಾ ಯಾವುದಕ್ಕೂ ಬಗ್ಗಲಿಲ್ಲ. ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿರುವ ಕೊಲಿಸ್ಟಿನ್‌ಗೂ ಬಗ್ಗಲಿಲ್ಲ. ಟಾಮ್ ಕೋಮಾಕ್ಕೆ ಜಾರಿದ. ಉಸಿರಾಟಕ್ಕೆ ವೆಂಟಿಲೇಟರ್. ಕಿಡ್ನಿ ಕೈಕೊಡೋ ಹಂತಕ್ಕೆ ಬಂತು. ಮೈಯಲ್ಲಿದ್ದ ತೂಕದಲ್ಲಿ ಸುಮಾರು 45 ಕೆ.ಜಿ. ಕರಗಿ ಹೋಗಿತ್ತು.

ಇಲ್ಲೊಂದು ಕ್ಷಣ ನಿಲ್ಲಿ. ಇದು ದುಡ್ಡಿಲ್ಲದ ಬಡವನ ಕಥೆ ಅಲ್ಲ. ಡಾಕ್ಟರ್ ಸಿಗದ ಹಳ್ಳಿಯ ಕಥೆಯೂ ಅಲ್ಲ. ಜಗತ್ತಿನ ಅತಿ ಶ್ರೀಮಂತ ದೇಶ, ಅತ್ಯುತ್ತಮ ಆಸ್ಪತ್ರೆಗಳಲ್ಲೊಂದು, ಹೆಂಡತಿಯೇ ಸೋಂಕು ರೋಗಗಳ ತಜ್ಞೆ. ಇಷ್ಟೆಲ್ಲ ಇದ್ದೂ ಒಂದು ಬ್ಯಾಕ್ಟೀರಿಯಾ ಮುಂದೆ ಎಲ್ಲರೂ ಕೈಚೆಲ್ಲಿ ಕೂತಿದ್ದರು.

ಕೋಮಾದಲ್ಲಿದ್ದ ಗಂಡನ ಕೈ ಹಿಡಿದು ಸ್ಟೆಫನಿ ಒಂದು ಪ್ರಶ್ನೆ ಕೇಳಿದಳಂತೆ. ನಿನಗೆ ಬದುಕಬೇಕು ಅಂತ ಆಸೆ ಇದ್ದರೆ ನನ್ನ ಕೈ ಒತ್ತು ಅಂತ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಬೆರಳು ಬಿಗಿಯಾಯ್ತು. ಆಕೆ ಮನೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುತ್ತಾ ಹೋದಾಗ ಅವಳ ಕಣ್ಣಿಗೆ ಬಿದ್ದ ಪದ: ಫೇಜ್.

ಪೂರ್ತಿ ಹೆಸರು ಬ್ಯಾಕ್ಟೀರಿಯೋಫೇಜ್. ಬ್ಯಾಕ್ಟೀರಿಯಾವನ್ನು ತಿನ್ನುವಂಥದ್ದು ಅಂತ ಅರ್ಥ. ಇದೊಂದು ವೈರಸ್. ವೈರಸ್ ಅಂದ ಕೂಡಲೇ ಕೊರೊನಾ ನೆನಪಾಗಿ ಭಯ ಆಗುತ್ತೆ, ಗೊತ್ತು. ಆದರೆ ಈ ವೈರಸ್‌ಗೆ ನಮ್ಮ ನಿಮ್ಮ ಜೀವಕೋಶ ಬೇಡ. ಅದರ ಬೇಟೆ ಬ್ಯಾಕ್ಟೀರಿಯಾ ಮಾತ್ರ.

ನಾನು ಓದಿದ್ದು ಎಂಜಿನಿಯರಿಂಗ್. ಫೇಜ್‌ನ ಚಿತ್ರವನ್ನು ಮೊದಲ ಸಲ ನೋಡಿದಾಗ ಇದನ್ನು ಯಾವನೋ ಮೆಕ್ಯಾನಿಕಲ್‌ನವನು ಡಿಸೈನ್ ಮಾಡಿದ್ದಾನೆ ಅನ್ನಿಸಿತ್ತು. ಟಿ4 ಅನ್ನೋ ಫೇಜ್ ಇದೆ. ಮೇಲೆ ಹಲವು ಮುಖಗಳ ಒಂದು ತಲೆ, ಅದರೊಳಗೆ ಸುತ್ತಿಟ್ಟ ಡಿಎನ್‌ಎ. ಕೆಳಗೆ ಸ್ಪ್ರಿಂಗ್ ಥರದ ಬಾಲ. ಬಾಲದ ತುದಿಯಲ್ಲಿ ಜೇಡನ ಕಾಲಿನ ಹಾಗೆ ಆರು ಕಾಲು. ಚಂದ್ರನ ಮೇಲೆ ಇಳಿಯೋ ಲ್ಯಾಂಡರ್ ಕಣ್ಣ ಮುಂದೆ ತಂದುಕೊಳ್ಳಿ, ಹೆಚ್ಚು ಕಡಿಮೆ ಅದೇ. ಉದ್ದ ಎಷ್ಟು? ಒಂದು ಮಿಲಿಮೀಟರ್‌ನಲ್ಲಿ ಇಂಥ 5,000 ಫೇಜ್‌ಗಳನ್ನು ಸಾಲಾಗಿ ಮಲಗಿಸಬಹುದು.

ಕೆಲಸ ಹೇಗೆ ಮಾಡುತ್ತೆ ನೋಡಿ. ಮೊದಲು ಕಾಲುಗಳಿಂದ ಬ್ಯಾಕ್ಟೀರಿಯಾದ ಮೈಯನ್ನು ತಡವುತ್ತೆ. ತನಗೆ ಹೊಂದುವ ಹಿಡಿ ಸಿಕ್ಕಿತೋ, ಅಂಟಿಕೊಳ್ಳುತ್ತೆ. ಬಾಲ ಕುಗ್ಗುತ್ತೆ, ಇಂಜೆಕ್ಷನ್ ಚುಚ್ಚಿದ ಹಾಗೆ ತನ್ನ ಡಿಎನ್‌ಎಯನ್ನು ಒಳಗೆ ತಳ್ಳುತ್ತೆ. ಅಲ್ಲಿಂದ ಮುಂದೆ ಆ ಬ್ಯಾಕ್ಟೀರಿಯಾ ತನ್ನ ಸ್ವಂತ ಕೆಲಸ ಬಿಟ್ಟು ಫೇಜ್ ತಯಾರಿಸೋ ಫ್ಯಾಕ್ಟರಿ ಆಗಿಬಿಡುತ್ತೆ. ಸುಮಾರು ಅರ್ಧ ಗಂಟೆ. ಒಳಗೆ ನೂರರಷ್ಟು ಹೊಸ ಫೇಜ್ ರೆಡಿ. ಆಮೇಲೆ ಒಂದು ಕಿಣ್ವ ಗೋಡೆಯನ್ನು ಒಳಗಿಂದಲೇ ಕರಗಿಸುತ್ತೆ. ಬ್ಯಾಕ್ಟೀರಿಯಾ ಒಡೆದು ಹೋಗುತ್ತೆ, ನೂರು ಫೇಜ್ ಹೊರಗೆ ಬರುತ್ತೆ, ಪ್ರತಿಯೊಂದೂ ಪಕ್ಕದ ಬ್ಯಾಕ್ಟೀರಿಯಾ ಹುಡುಕಿ ಹೋಗುತ್ತೆ.

ಲೆಕ್ಕ ಹಾಕಿ. ಅರ್ಧ ಗಂಟೆಗೆ ನೂರು. ಒಂದು ಗಂಟೆಗೆ ಹತ್ತು ಸಾವಿರ. ಒಂದೂವರೆ ಗಂಟೆಗೆ ಹತ್ತು ಲಕ್ಷ. ಎರಡು ಗಂಟೆಗೆ ಹತ್ತು ಕೋಟಿ. ಇದು ಕಾಗದದ ಮೇಲಿನ ಲೆಕ್ಕ, ಮೈಯೊಳಗೆ ಇಷ್ಟು ಸಲೀಸಾಗಿ ನಡೆಯಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಿ. ನೀವು ನುಂಗಿದ ಮಾತ್ರೆ ಗಂಟೆಗಂಟೆಗೂ ಕರಗಿ ಕಡಿಮೆಯಾಗುತ್ತೆ. ಶತ್ರು ಇರೋ ತನಕ ತಾನೇ ಹೆಚ್ಚಾಗುತ್ತಾ ಹೋಗಿ, ಶತ್ರು ಮುಗಿದ ಮೇಲೆ ತಾನೂ ಇಲ್ಲವಾಗೋ ಔಷಧ ಇದು.

ಇಂಥ ಫೇಜ್ ಎಲ್ಲಿ ಸಿಗುತ್ತೆ? ಎಲ್ಲೆಲ್ಲೂ. ಬ್ಯಾಕ್ಟೀರಿಯಾ ಎಲ್ಲಿದೆಯೋ ಅಲ್ಲೆಲ್ಲ ಅದರ ಬೇಟೆಗಾರನೂ ಇರುತ್ತಾನೆ. ಭೂಮಿಯ ಮೇಲಿರುವ ಫೇಜ್‌ಗಳ ಅಂದಾಜು ಸಂಖ್ಯೆ ಬರೀಬೇಕು ಅಂದ್ರೆ 1ರ ಮುಂದೆ 31 ಸೊನ್ನೆ ಹಾಕಬೇಕು. ಅದರಲ್ಲೂ ಗಲೀಜು ಎಲ್ಲಿ ಹೆಚ್ಚೋ ಅಲ್ಲಿ ಹುಡುಕೋದು ಸುಲಭ. ಒಳಚರಂಡಿ, ಮೋರಿ, ಹಡಗಿನ ತಳದಲ್ಲಿ ನಿಂತ ಕೊಳಕು ನೀರು.

ಹುಡುಕೋ ವಿಧಾನ ಕೇಳಿದರೆ ಇಷ್ಟೇನಾ ಅನ್ನಿಸುತ್ತೆ. ಮೋರಿ ನೀರು ತರ್ತಾರೆ. ಬ್ಯಾಕ್ಟೀರಿಯಾ ಕೂಡ ದಾಟಲಾಗದಷ್ಟು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸ್ತಾರೆ. ಆ ನೀರನ್ನು ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾ ಜೊತೆ ಬೆರೆಸಿ ಒಂದು ತಟ್ಟೆಯ ಮೇಲೆ ಹರಡ್ತಾರೆ. ಮಾರನೇ ದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು ಮಬ್ಬು ಪದರ ಆಗಿರುತ್ತೆ. ಅದೃಷ್ಟ ಇದ್ದರೆ ಆ ಪದರದಲ್ಲಿ ಅಲ್ಲಲ್ಲಿ ಸ್ವಚ್ಛವಾದ ಚುಕ್ಕೆಗಳು. ನೀರು ದೋಸೆ ಹೊಯ್ದಾಗ ತೂತು ತೂತಾಗಿ ಏಳುತ್ತಲ್ಲ, ಹಾಗೆ. ಒಂದೊಂದು ತೂತು ಅಂದ್ರೆ ಅಲ್ಲೊಂದು ಫೇಜ್ ಬಿದ್ದು, ಸುತ್ತಲಿನ ಬ್ಯಾಕ್ಟೀರಿಯಾವನ್ನೆಲ್ಲ ಮುಗಿಸಿದೆ ಅಂತ ಅರ್ಥ.

ಸ್ಟೆಫನಿ ಮಾಡಿದ್ದು ಇಷ್ಟು. ಫೇಜ್ ಬಗ್ಗೆ ಕೆಲಸ ಮಾಡುವ ವಿಜ್ಞಾನಿಗಳಿಗೆ ಇಮೇಲ್ ಬರೆದಳು. ಪರಿಚಯವೇ ಇಲ್ಲದವರಿಗೆ. ಟೆಕ್ಸಾಸ್ ಎ ಆ್ಯಂಡ್ ಎಂ ಯೂನಿವರ್ಸಿಟಿಯ ರೈಲ್ಯಾಂಡ್ ಯಂಗ್ ಕೈಜೋಡಿಸಿದರು. ಅವರ ಲ್ಯಾಬ್‌ನವರು ಟಾಮ್‌ನ ಬ್ಯಾಕ್ಟೀರಿಯಾ ತರಿಸಿಕೊಂಡು ಹಗಲು ರಾತ್ರಿ ಹುಡುಕಿದರು. ಅಮೆರಿಕದ ನೌಕಾಪಡೆಯ ಸಂಶೋಧನಾ ಕೇಂದ್ರದ ಬಳಿ ಆಗಲೇ ಫೇಜ್‌ಗಳ ಸಂಗ್ರಹ ಇತ್ತು, ಅವರೂ ಕೊಟ್ಟರು. ಮೋರಿಯಿಂದ ಬಂದದ್ದನ್ನು ಹಾಗೇ ರಕ್ತಕ್ಕೆ ಹಾಕೋಕಾಗಲ್ಲ. ಒಡೆದ ಬ್ಯಾಕ್ಟೀರಿಯಾದ ಚೂರುಗಳು ಅದರಲ್ಲಿ ಉಳಿದಿದ್ದರೆ ಆ ವಿಷವೇ ರೋಗಿಯನ್ನು ಕೊಲ್ಲಬಹುದು. ಸ್ಯಾನ್ ಡಿಯಾಗೊದ ಇನ್ನೊಂದು ಯೂನಿವರ್ಸಿಟಿಯ ಲ್ಯಾಬ್ ಅದನ್ನು ಶುದ್ಧ ಮಾಡಿಕೊಟ್ಟಿತು. ಡಾಕ್ಟರ್ ರಾಬರ್ಟ್ ಸ್ಕೂಲಿ ಚಿಕಿತ್ಸೆಯ ಹೊಣೆ ಹೊತ್ತರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತುರ್ತು ಅನುಮತಿ ಕೊಟ್ಟಿತು.

2016ರ ಮಾರ್ಚ್ 15. ಟಾಮ್‌ನ ಹೊಟ್ಟೆಗೆ ಹಾಕಿದ್ದ ಕೊಳವೆಗಳ ಮೂಲಕ ಫೇಜ್ ಬಿಟ್ಟರು. ಎರಡು ದಿನ ಬಿಟ್ಟು ರಕ್ತನಾಳಕ್ಕೂ ಕೊಟ್ಟರು. ಒಂದು ಡೋಸ್‌ನಲ್ಲಿ ಸುಮಾರು ನೂರು ಕೋಟಿ ಫೇಜ್. ಅದಾಗಿ ಕೆಲವೇ ದಿನಗಳಲ್ಲಿ ಟಾಮ್ ಕಣ್ಣು ಬಿಟ್ಟ, ಮಗಳನ್ನು ಗುರುತಿಸಿದ. ಆಗಸ್ಟ್‌ನಲ್ಲಿ ಮನೆಗೆ ಹೋದ. ಮುಂದೆ ಇದರ ಬಗ್ಗೆ ಗಂಡ ಹೆಂಡತಿ ಸೇರಿ ಪುಸ್ತಕವನ್ನೂ ಬರೆದರು. 2018ರಲ್ಲಿ ಅದೇ ಯೂನಿವರ್ಸಿಟಿಯಲ್ಲಿ ಫೇಜ್ ಚಿಕಿತ್ಸೆಗೆ ಅಂತಲೇ ಒಂದು ಕೇಂದ್ರ ಶುರುವಾಯ್ತು.

ಈ ವಿಷಯದ ಮೇಲೆ ಕಾರ್ಯಕ್ರಮ ಮಾಡಿದಾಗ ಬಂದ ಮೊದಲ ಪ್ರಶ್ನೆ ಏನು ಗೊತ್ತಾ? ಸಾರ್, ಇದೇ ಅಲ್ವಾ ಗಂಗಾಜಲದ ರಹಸ್ಯ?

ಈ ಪ್ರಶ್ನೆಯನ್ನು ನಾನು ನಕ್ಕು ತಳ್ಳಿಹಾಕಲ್ಲ. ಅದಕ್ಕೊಂದು ಚರಿತ್ರೆ ಇದೆ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಅನ್ನೋ ಬ್ರಿಟಿಷ್ ವಿಜ್ಞಾನಿ ಆಗ್ರಾದಲ್ಲಿ ಕೆಲಸ ಮಾಡ್ತಿದ್ದ. ಗಂಗಾ, ಯಮುನಾ ನದಿಗಳ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ ಅಂತ ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನ ಪತ್ರಿಕೆಯಲ್ಲಿ ಬರೆದ. ಆ ನೀರನ್ನು ಕುದಿಸಿದರೆ ಶಕ್ತಿ ಹೋಗಿಬಿಡುತ್ತೆ ಅಂತಲೂ ಬರೆದ. ಅದು ಯಾವುದೋ ರಾಸಾಯನಿಕ ಇರಬೇಕು ಅನ್ನೋದು ಅವನ ಊಹೆ. ಅದು ಫೇಜ್ ಅಂತ ಆಮೇಲಿನವರು ಹೇಳಿದರು. ಅಲ್ಲ, ಅವನ ಪ್ರಯೋಗ ನೋಡಿದರೆ ಫೇಜ್ ಇರಲಾರದು ಅಂತ ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಗಂಗೆಯಲ್ಲಿ ಫೇಜ್ ಇದೆ ಅನ್ನೋದರಲ್ಲಿ ಅನುಮಾನ ಇಲ್ಲ. ನಮ್ಮ ವೃಷಭಾವತಿಯಲ್ಲೂ ಇರುತ್ತೆ. ಹಾಗಂತ ಯಾರೂ ಅದನ್ನು ತೀರ್ಥ ಅಂತ ಕುಡಿಯಲ್ಲ ಅಲ್ವಾ?

2020ರಲ್ಲಿ ಕೊರೊನಾ ಬಂದಾಗ ಇದೇ ವಾದ ಎಲ್ಲಿಗೆ ಹೋಯ್ತು ನೋಡಿ. ಗಂಗೆಯಲ್ಲಿ ಫೇಜ್ ಇದೆ, ಹಾಗಾಗಿ ಕೊರೊನಾ ರೋಗಿಗಳ ಮೇಲೆ ಗಂಗಾಜಲದ ಪ್ರಯೋಗ ಮಾಡಿ ಅಂತ ಐಸಿಎಂಆರ್‌ಗೆ ಪ್ರಸ್ತಾವ ಹೋಯ್ತು. ಐಸಿಎಂಆರ್ ಒಪ್ಪಲಿಲ್ಲ. ಫೇಜ್ ಕೊಲ್ಲೋದು ಬ್ಯಾಕ್ಟೀರಿಯಾವನ್ನು. ಕೊರೊನಾ ಒಂದು ವೈರಸ್. ಇವೆರಡರ ವ್ಯತ್ಯಾಸ ಗೊತ್ತಿದ್ದಿದ್ದರೆ ಆ ದಿನಗಳಲ್ಲಿ ನಿಮ್ಮ ವಾಟ್ಸಾಪ್‌ಗೆ ಬಂದ ಅರ್ಧ ಮೆಸೇಜ್‌ಗಳನ್ನು ನೀವು ಫಾರ್ವರ್ಡ್ ಮಾಡ್ತಿರಲಿಲ್ಲ.

ಫೇಜ್ ಇದೆ ಅಂತ ಮೊದಲು ಕಂಡವನು ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1915ರಲ್ಲಿ. ಅದಕ್ಕೆ ಹೆಸರಿಟ್ಟು, ಔಷಧ ಮಾಡಬಹುದು ಅಂತ ಹಟ ಹಿಡಿದವನು ಫೆಲಿಕ್ಸ್ ಡಿಹೆರೆಲ್, 1917ರಲ್ಲಿ, ಪ್ಯಾರಿಸ್‌ನಲ್ಲಿ. ಈ ಮನುಷ್ಯನಿಗೆ ವೈದ್ಯಕೀಯ ಡಿಗ್ರಿ ಇರಲಿಲ್ಲ. ಆದರೆ ಧೈರ್ಯ ಇತ್ತು. ರಕ್ತಭೇದಿಯಾಗಿದ್ದ ಒಬ್ಬ ಹುಡುಗನಿಗೆ ಫೇಜ್ ಕೊಡೋ ಮೊದಲು ತಾನೇ ಕುಡಿದು ನೋಡಿದ. ಕಾಲರಾ ಕಾಲದಲ್ಲಿ ಭಾರತಕ್ಕೂ ಬಂದ. 1927ರಲ್ಲಿ ಪಂಜಾಬ್‌ನ ಹಳ್ಳಿಗಳಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟ, ಬಾವಿಗಳಿಗೂ ಹಾಕಿದ. ಆಮೇಲೆ ಅಸ್ಸಾಂನಲ್ಲಿ ವರ್ಷಗಟ್ಟಲೆ ಜನರಿಗೆ ಫೇಜ್ ಹಂಚಿದರು. ನೂರು ವರ್ಷದ ಹಿಂದೆಯೇ ಈ ಪ್ರಯೋಗ ನಮ್ಮ ದೇಶದಲ್ಲಿ ನಡೆದಿತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಹಾಗಾದರೆ ಅದು ಯಾಕೆ ಸತ್ತು ಹೋಯ್ತು? ಒಂದು ಕಾರಣ, ಕಂಪನಿಗಳು ಫೇಜ್ ಹೆಸರಲ್ಲಿ ಏನೇನೋ ಮಾರಿದವು. ಬಾಟಲಿ ಕೆಡಬಾರದು ಅಂತ ರಾಸಾಯನಿಕ ಹಾಕಿದರು, ಅದರಿಂದ ಒಳಗಿದ್ದ ಫೇಜ್ ಸತ್ತು ಹೋಗ್ತಿತ್ತು. ಯಾವ ಬ್ಯಾಕ್ಟೀರಿಯಾಗೆ ಯಾವ ಫೇಜ್ ಅಂತ ನೋಡದೆ ಎಲ್ಲರಿಗೂ ಒಂದೇ ಬಾಟಲಿ ಕೊಟ್ಟರು. 1934ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆ ಇದನ್ನೆಲ್ಲ ಪರಿಶೀಲಿಸಿ, ನಂಬುವಂಥ ಪುರಾವೆ ಸಾಲದು ಅಂತ ಬರೆಯಿತು. ಇನ್ನೊಂದು ಕಾರಣ ಪೆನಿಸಿಲಿನ್. ನಲವತ್ತರ ದಶಕದಲ್ಲಿ ಅದು ಬಂದ ಮೇಲೆ ಮೋರಿ ನೀರು ಸೋಸೋ ಕೆಲಸ ಯಾರಿಗೆ ಬೇಕಿತ್ತು?

ಆದರೆ ಎಲ್ಲ ಕಡೆ ದೀಪ ಆರಲಿಲ್ಲ. ಜಾರ್ಜಿಯಾ. ಅಮೆರಿಕದ ರಾಜ್ಯ ಅಲ್ಲ, ಆಗಿನ ಸೋವಿಯತ್ ಒಕ್ಕೂಟದಲ್ಲಿದ್ದ ಪುಟ್ಟ ದೇಶ. ಅಲ್ಲಿನ ಟಿಬಿಲಿಸಿಯಲ್ಲಿ 1923ರಲ್ಲಿ ಜಾರ್ಜ್ ಎಲಿಯಾವಾ ಒಂದು ಸಂಸ್ಥೆ ಕಟ್ಟಿದ. ಅವನು ಡಿಹೆರೆಲ್‌ನ ಗೆಳೆಯ. ಡಿಹೆರೆಲ್ ಕೂಡ ಅಲ್ಲಿಗೆ ಹೋಗಿ ಕೆಲಸ ಮಾಡಿದ. 1937ರಲ್ಲಿ ಸ್ಟಾಲಿನ್ ಆಡಳಿತ ಎಲಿಯಾವಾನನ್ನು ಜನಶತ್ರು ಅಂತ ಹೇಳಿ ಕೊಂದುಹಾಕಿತು. ಕಟ್ಟಿದವನನ್ನು ಕೊಂದರು, ಸಂಸ್ಥೆಯನ್ನು ಉಳಿಸಿಕೊಂಡರು. ಅದು ಇವತ್ತಿಗೂ ಇದೆ, ಅವನದೇ ಹೆಸರಲ್ಲಿ. ತಮ್ಮ ದೇಶದಲ್ಲಿ ದಾರಿ ಕಾಣದ ರೋಗಿಗಳು ಬೇರೆ ಬೇರೆ ಕಡೆಯಿಂದ ಈಗಲೂ ಅಲ್ಲಿಗೆ ಹೋಗ್ತಾರೆ.

ಈಗ ನಮಗೆ ಇದು ಯಾಕೆ ಬೇಕಾಗಿದೆ ಅನ್ನೋದಕ್ಕೆ ಬರೋಣ. 2019ರ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಜನ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜು ಇದು. ಆ ವರ್ಷ ಮಲೇರಿಯಾದಿಂದ ಸತ್ತವರಿಗಿಂತ ಹೆಚ್ಚು. ಏಡ್ಸ್‌ನಿಂದ ಸತ್ತವರಿಗಿಂತಲೂ ಹೆಚ್ಚು.

ನಮ್ಮ ದೇಶದ ರಾಜಧಾನಿಯ ಹೆಸರೇ ಈ ಪಟ್ಟಿಯಲ್ಲಿದೆ. ಅತಿ ಬಲಶಾಲಿ ಆ್ಯಂಟಿಬಯೋಟಿಕ್‌ಗಳನ್ನೂ ಕತ್ತರಿಸಿಹಾಕುವ ಒಂದು ಕಿಣ್ವಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ನ್ಯೂ ಡೆಲ್ಲಿ ಮೆಟಲೊ ಬೀಟಾ ಲ್ಯಾಕ್ಟಮೇಸ್, ಚುಟುಕಾಗಿ ಎನ್‌ಡಿಎಂ 1. ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ರೋಗಿಯಲ್ಲಿ 2008ರಲ್ಲಿ ಮೊದಲು ಸಿಕ್ಕಿತ್ತು. 2010ರಲ್ಲಿ ಇದು ಸುದ್ದಿಯಾದಾಗ ಹೆಸರಿನ ಬಗ್ಗೆ ದೊಡ್ಡ ಗಲಾಟೆಯೇ ಆಯ್ತು. ದೇಶಕ್ಕೆ ಅವಮಾನ ಅಂದರು. ಹೆಸರಿನ ಬಗ್ಗೆ ಆದ ಚರ್ಚೆಯ ಕಾಲು ಭಾಗ ರೋಗದ ಬಗ್ಗೆ ಆಗಲಿಲ್ಲ. ನಮ್ಮ ಮಾಧ್ಯಮದವರನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಇದು ಎಲ್ಲಿಂದ ಶುರುವಾಗುತ್ತೆ? ನಿಮ್ಮ ಬೀದಿಯ ಮೂಲೆಯಿಂದ. ನೆಗಡಿ ಅಂತ ಮೆಡಿಕಲ್ ಶಾಪ್‌ಗೆ ಹೋಗ್ತೀರಿ. ಮೂರು ದಿನದ ಅಜಿತ್ರೋಮೈಸಿನ್ ಕೊಡಿ ಅಂತ ನೀವೇ ಕೇಳ್ತೀರಿ. ನೆಗಡಿ ಬರೋದು ವೈರಸ್‌ನಿಂದ, ಆ ಮಾತ್ರೆ ವೈರಸ್‌ಗೆ ಏನೂ ಮಾಡಲ್ಲ. ಆದರೆ ನಿಮ್ಮ ಹೊಟ್ಟೆಯಲ್ಲಿರೋ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಆ ಔಷಧದ ಪರಿಚಯ ಮಾಡಿಕೊಡುತ್ತೆ. ದುರ್ಬಲವಾದವು ಸಾಯುತ್ತವೆ, ತಡೆದುಕೊಂಡವು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತೆಗೆದುಕೊಳ್ಳುವಾಗಲೇ ಈ ಎಚ್ಚರಿಕೆ ಕೊಟ್ಟಿದ್ದ. ಮಾತ್ರೆ ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತೆ, ನೋಡಿದ್ದೀರಾ? ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬೇಡಿ ಅಂತ ಅದರ ಅರ್ಥ. ಕೋಳಿ ಫಾರಂಗಳದು ಇನ್ನೊಂದು ಕಥೆ. ಟಾಮ್‌ಗೆ ಕೊನೆಯ ಅಸ್ತ್ರವಾಗಿದ್ದ ಅದೇ ಕೊಲಿಸ್ಟಿನ್ ಅನ್ನು ನಮ್ಮಲ್ಲಿ ಕೋಳಿ ದಪ್ಪ ಆಗಲಿ ಅಂತ ಕೊಡ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು.

ಹೊಸ ಆ್ಯಂಟಿಬಯೋಟಿಕ್ ಕಂಡುಹಿಡಿದರಾಯ್ತು ಅಂತೀರಾ? ಅಮೆರಿಕದ ಅಕೇಜನ್ ಅನ್ನೋ ಕಂಪನಿ ಅದನ್ನೇ ಮಾಡಿತು. 2018ರಲ್ಲಿ ಅದರ ಹೊಸ ಔಷಧಕ್ಕೆ ಅನುಮತಿ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ. ಯಾಕೆ? ಒಳ್ಳೆಯ ಹೊಸ ಆ್ಯಂಟಿಬಯೋಟಿಕ್ ಅಂದ್ರೆ ಡಾಕ್ಟರ್‌ಗಳು ಬೀಗ ಹಾಕಿ ಎತ್ತಿಡ್ತಾರೆ, ತೀರಾ ಕಷ್ಟ ಬಂದಾಗ ಮಾತ್ರ ತೆಗೀತಾರೆ. ವೈದ್ಯಕೀಯವಾಗಿ ಅದೇ ಸರಿ. ಆದರೆ ಮಾರಾಟ ಆಗದ ಸರಕನ್ನು ಯಾವ ಕಂಪನಿ ತಯಾರಿಸುತ್ತೆ? ಬಿಪಿ, ಶುಗರ್ ಮಾತ್ರೆ ಆದರೆ ಜೀವನಪೂರ್ತಿ ಗಿರಾಕಿ.

ಈ ಕಾರಣಕ್ಕೇ ಎಲ್ಲರೂ ಮತ್ತೆ ಫೇಜ್ ಕಡೆ ತಿರುಗಿದ್ದಾರೆ. ಈಗ ಕಹಿ ಮಾತು ಹೇಳ್ತೀನಿ, ಇದನ್ನು ಹೇಳದಿದ್ದರೆ ನಾನೂ ಗಂಗಾಜಲ ಮಾರಿದ ಹಾಗಾಗುತ್ತೆ.

ಫೇಜ್‌ನ ದೊಡ್ಡ ಶಕ್ತಿಯೇ ಅದರ ದೊಡ್ಡ ತೊಂದರೆ. ಆ್ಯಂಟಿಬಯೋಟಿಕ್ ಅನ್ನೋದು ಬುಲ್ಡೋಜರ್ ಥರ, ಎದುರಿಗೆ ಬಂದ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಉರುಳಿಸುತ್ತೆ. ಫೇಜ್ ಒಂದೇ ಬೀಗದ ಕೀಲಿಕೈ. ನಿಮ್ಮ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗೆ ತೊಂದರೆ ಇಲ್ಲ, ಸಂತೋಷ. ಆದರೆ ಟಾಮ್‌ನ ಅಸಿನೆಟೊಬ್ಯಾಕ್ಟರ್‌ಗೆ ಕೆಲಸ ಮಾಡಿದ ಫೇಜ್, ಪಕ್ಕದ ಬೆಡ್‌ನಲ್ಲಿರುವ ಇನ್ನೊಬ್ಬ ರೋಗಿಯ ಅಸಿನೆಟೊಬ್ಯಾಕ್ಟರ್‌ಗೆ ಕೆಲಸ ಮಾಡದೇ ಇರಬಹುದು. ಪ್ರತಿ ರೋಗಿಗೂ ಹುಡುಕಬೇಕು. ಐಸಿಯುನಲ್ಲಿರುವವನಿಗೆ ಹುಡುಕೋವಷ್ಟು ಟೈಮ್ ಇರುತ್ತಾ?

ಎರಡನೇದು, ಬ್ಯಾಕ್ಟೀರಿಯಾ ಸುಮ್ಮನೆ ಕೂರಲ್ಲ. ಫೇಜ್ ಹಿಡಿಯೋ ಹಿಡಿಯನ್ನೇ ಮೈಮೇಲಿಂದ ಕಳಚಿ ಹಾಕುತ್ತೆ. ಟಾಮ್‌ನ ಮೈಯಲ್ಲೂ ಹೀಗೇ ಆಯ್ತು, ಡಾಕ್ಟರ್‌ಗಳು ಹೊಸ ಫೇಜ್ ತರಬೇಕಾಯ್ತು. ಆದರೆ ಇದರಲ್ಲೊಂದು ಮಜಾ ಇದೆ. ಎಷ್ಟೋ ಸಲ ಆ ಹಿಡಿ ಬ್ಯಾಕ್ಟೀರಿಯಾಗೆ ಕವಚದ ಭಾಗವೂ ಆಗಿರುತ್ತೆ. ಫೇಜ್‌ನಿಂದ ತಪ್ಪಿಸಿಕೊಳ್ಳೋಕೆ ಕವಚ ಬಿಚ್ಚಿದರೆ, ಅಲ್ಲಿವರೆಗೆ ತಾಗದಿದ್ದ ಆ್ಯಂಟಿಬಯೋಟಿಕ್ ತಾಗೋಕೆ ಶುರುವಾಗುತ್ತೆ. ಟಾಮ್‌ಗೆ ಫೇಜ್ ಜೊತೆ ಮಿನೊಸೈಕ್ಲಿನ್ ಅನ್ನೋ ಹಳೇ ಔಷಧವನ್ನೂ ಕೊಟ್ಟಿದ್ದರು. ಎರಡೂ ಸೇರಿದಾಗ ಏಟು ಬಲವಾಗಿ ಬಿತ್ತು.

ಬೆಲ್ಜಿಯಂನವರು ತಮ್ಮ ಮೊದಲ 100 ರೋಗಿಗಳ ಲೆಕ್ಕವನ್ನು 2024ರಲ್ಲಿ ಪ್ರಕಟಿಸಿದರು. ಎಲ್ಲರೂ ಬೇರೆ ದಾರಿ ಕಾಣದೆ ಬಂದವರು. ನೂರರಲ್ಲಿ 77 ಸೋಂಕುಗಳಲ್ಲಿ ಸುಧಾರಣೆ ಕಂಡಿತು. 61ರಲ್ಲಿ ಆ ಬ್ಯಾಕ್ಟೀರಿಯಾ ಪೂರ್ತಿ ಹೋಯ್ತು. ಜೊತೆಗೆ ಆ್ಯಂಟಿಬಯೋಟಿಕ್ ಕೊಡದಿದ್ದ ಕಡೆ ಬ್ಯಾಕ್ಟೀರಿಯಾ ಹೋಗೋ ಸಾಧ್ಯತೆ ಬಹಳ ಕಡಿಮೆ ಇತ್ತು. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಫೇಜ್ ಬಂತು, ಇನ್ನು ಮಾತ್ರೆ ಹೇಗೆ ಬೇಕಾದರೂ ನುಂಗಬಹುದು ಅಂದುಕೊಂಡರೆ ಫೇಜ್‌ನ ಜೊತೆಗಾರನನ್ನೇ ನಾವು ಕೊಂದ ಹಾಗೆ.

ಗೆದ್ದ ಕಥೆಗಳ ಜೊತೆ ಸೋತ ಕಥೆಯೂ ಇದೆ. ಯುರೋಪಿನಲ್ಲಿ ಸುಟ್ಟ ಗಾಯದ ರೋಗಿಗಳ ಮೇಲೆ ಫೇಗೊಬರ್ನ್ ಅಂತ ಒಂದು ದೊಡ್ಡ ಪ್ರಯೋಗ ಮಾಡಿದರು. 12 ಫೇಜ್‌ಗಳ ಮಿಶ್ರಣ. ಮಾಮೂಲಿ ಮುಲಾಮಿಗಿಂತ ಅದು ನಿಧಾನ ಅಂತ ಗೊತ್ತಾಯ್ತು. ಆಮೇಲೆ ನೋಡಿದರೆ ಬಾಟಲಿಯಲ್ಲಿದ್ದ ಫೇಜ್‌ಗಳು ಸಂಗ್ರಹದಲ್ಲೇ ಸತ್ತಿದ್ದವು, ರೋಗಿಗೆ ಹೋಗಿದ್ದು ಅಂದುಕೊಂಡಿದ್ದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಡೋಸ್. 1930ರ ಬಾಟಲಿಗಳ ಸಮಸ್ಯೆ ಎಂಬತ್ತು ವರ್ಷ ಆದ ಮೇಲೂ ಹಾಗೇ ಕೂತಿತ್ತು! ಇದು ಬಯಾಲಜಿ ಸಮಸ್ಯೆ ಅಲ್ಲ, ಶುದ್ಧ ಎಂಜಿನಿಯರಿಂಗ್ ಸಮಸ್ಯೆ. ತಯಾರಿಕೆ, ಶೇಖರಣೆ, ಗುಣಮಟ್ಟ.

ಎಂಜಿನಿಯರಿಂಗ್ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಒಂದು ಬದನೆಕಾಯಿಯ ಕಥೆ ಹೇಳ್ತೀನಿ. ದಕ್ಷಿಣ ಆಫ್ರಿಕಾದಲ್ಲಿ ಒಬ್ಬ ವಿದ್ಯಾರ್ಥಿನಿ ಕೊಳೆತ ಬದನೆಕಾಯಿಯ ಅಡಿಯಿಂದ ಒಂದು ಫೇಜ್ ಹಿಡಿದಳು. ಅದಕ್ಕೆ ಮಡ್ಡಿ ಅಂತ ಹೆಸರಿಟ್ಟು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಗ್ರಹಾಂ ಹ್ಯಾಟ್‌ಫುಲ್ ಅವರ ಲ್ಯಾಬ್‌ನ ಫ್ರೀಜರ್‌ನಲ್ಲಿಟ್ಟರು. ವರ್ಷಗಳಾದ ಮೇಲೆ ಲಂಡನ್‌ನಲ್ಲಿ ಶ್ವಾಸಕೋಶ ಕಸಿ ಮಾಡಿಸಿಕೊಂಡಿದ್ದ 15 ವರ್ಷದ ಹುಡುಗಿಗೆ ಕ್ಷಯದ ಸೋದರಸಂಬಂಧಿಯಂಥ ಬ್ಯಾಕ್ಟೀರಿಯಾ ಹತ್ತಿತು. ಗಾಯ ಮಾಗಲಿಲ್ಲ, ಔಷಧ ನಾಟಲಿಲ್ಲ. ಫ್ರೀಜರ್‌ನಲ್ಲಿದ್ದ ಸಾವಿರಾರು ಫೇಜ್‌ಗಳಲ್ಲಿ ಹುಡುಕಿದಾಗ ಆ ಬ್ಯಾಕ್ಟೀರಿಯಾವನ್ನು ಸರಿಯಾಗಿ ಕೊಂದಿದ್ದು ಬದನೆಕಾಯಿಯ ಮಡ್ಡಿ. ಇನ್ನೆರಡು ಫೇಜ್ ಸಿಕ್ಕವು, ಆದರೆ ಅವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಒಳಗೇ ಬಾಡಿಗೆಗಿರುವ ಜಾತಿ. ವಿಜ್ಞಾನಿಗಳು ಅವುಗಳ ವಂಶವಾಹಿ ತಿದ್ದಿ ಕೊಲ್ಲೋ ಹಾಗೆ ಮಾಡಿದರು. ಮೂರನ್ನೂ ಸೇರಿಸಿ ಕೊಟ್ಟಾಗ ಹುಡುಗಿಯ ಗಾಯಗಳು ಮಾಗತೊಡಗಿದವು. ಸೋಂಕು ಪೂರ್ತಿ ಅಳಿಯಲಿಲ್ಲ, ಹತೋಟಿಗೆ ಬಂತು. 2019ರಲ್ಲಿ ಇದು ಪ್ರಕಟವಾಯ್ತು.

ಅವತ್ತು ಆ ಫ್ರೀಜರ್ ಇಲ್ಲದಿದ್ದರೆ? ಆ ವಿದ್ಯಾರ್ಥಿನಿ ಹಿಡಿದಾಗ ಮಡ್ಡಿಯಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ. ಅದು ಕಾಲೇಜು ಮಕ್ಕಳಿಗೆ ವಿಜ್ಞಾನ ಕಲಿಸೋ ಒಂದು ಕಾರ್ಯಕ್ರಮದ ಭಾಗ, ಅಷ್ಟೇ. ರಕ್ತನಿಧಿ ಇದ್ದ ಹಾಗೆ ಫೇಜ್‌ನಿಧಿ ಬೇಕು ಅಂತ ನಾನು ಹೇಳೋದು ಇದಕ್ಕೇ. ಕಾಯಿಲೆ ಬಂದ ಮೇಲೆ ಮೋರಿಗೆ ಹೋದರೆ ತಡ. ನಮ್ಮ ಆಸ್ಪತ್ರೆಗಳಲ್ಲಿ ಕಾಡೋ ಬ್ಯಾಕ್ಟೀರಿಯಾ ಯಾವುದು, ಅದಕ್ಕೆ ನಮ್ಮ ಮೋರಿಗಳಲ್ಲಿ ಸಿಗೋ ಫೇಜ್ ಯಾವುದು ಅಂತ ಮೊದಲೇ ಹಿಡಿದು, ಪರೀಕ್ಷಿಸಿ, ಫ್ರೀಜರ್‌ನಲ್ಲಿಟ್ಟಿರಬೇಕು. ನಮ್ಮಲ್ಲಿ ಮೋರಿಗೇನೂ ಬರ ಇಲ್ಲ, ಮೈಕ್ರೋಬಯಾಲಜಿ ಓದಿ ಕೆಲಸ ಹುಡುಕ್ತಿರೋ ಹುಡುಗ ಹುಡುಗಿಯರಿಗೂ ಬರ ಇಲ್ಲ.

ಬೆಂಗಳೂರಿಗೆ ಈ ಕ್ಷೇತ್ರ ಹೊಸದೂ ಅಲ್ಲ. 2000ದಲ್ಲೇ ಡಾ. ಜೆ. ರಾಮಚಂದ್ರನ್ ಇಲ್ಲಿ ಗಂಗಾಜೆನ್ ಅನ್ನೋ ಕಂಪನಿ ಶುರು ಮಾಡಿದರು. ಹೆಸರಲ್ಲೇ ಗಂಗೆ. ಅವರು ಇಡೀ ಫೇಜ್ ಬಿಟ್ಟು, ಫೇಜ್‌ನ ಬಾಲದಲ್ಲಿ ಗೋಡೆ ಕೊರೆಯೋ ಭಾಗವಿದೆಯಲ್ಲ, ಅದನ್ನು ಇನ್ನೊಂದು ಪ್ರೋಟೀನ್ ತುಂಡಿಗೆ ಜೋಡಿಸಿ ಪಿ128 ಅನ್ನೋ ಔಷಧ ರೂಪಿಸಿದರು. ಕೀವು, ಹುಣ್ಣಿನಿಂದ ಹಿಡಿದು ರಕ್ತದ ಸೋಂಕಿನವರೆಗೆ ಕಾಡುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಅದರ ಗುರಿ.

ನಮಗೂ ಸಿಗುತ್ತಾ ಸಾರ್ ಅಂತ ಕೇಳುವವರಿಗೆ ನೇರ ಉತ್ತರ ಕೊಡ್ತೀನಿ. ನಿಮ್ಮ ಡಾಕ್ಟರ್ ಚೀಟಿ ಬರೆದು, ನೀವು ಮೆಡಿಕಲ್ ಶಾಪ್‌ನಲ್ಲಿ ಫೇಜ್ ಕೊಳ್ಳೋ ಪರಿಸ್ಥಿತಿ ಇವತ್ತು ಭಾರತದಲ್ಲಿ ಇಲ್ಲ. ಅಮೆರಿಕದಲ್ಲೂ ಇಲ್ಲ, ಅಲ್ಲಿ ಒಬ್ಬೊಬ್ಬ ರೋಗಿಗೂ ಎಫ್‌ಡಿಎಯಿಂದ ವಿಶೇಷ ಅನುಮತಿ ಬೇಕು. ನಮ್ಮ ಔಷಧ ಕಾನೂನು ಕಟ್ಟಿರೋದೇ ರೆಡಿಮೇಡ್ ಬಟ್ಟೆಗೆ. ಒಂದೇ ಅಳತೆಯ ಲಕ್ಷಾಂತರ ಮಾತ್ರೆ, ಎಲ್ಲದಕ್ಕೂ ಒಂದೇ ಪರೀಕ್ಷೆ, ಒಂದೇ ಲೈಸೆನ್ಸ್. ಫೇಜ್ ಅಳತೆ ಕೊಟ್ಟು ಹೊಲಿಸೋ ಬಟ್ಟೆ. ಬೆಲ್ಜಿಯಂ ಇದಕ್ಕೊಂದು ಒಳದಾರಿ ಕಂಡುಕೊಂಡಿತು. ಡಾಕ್ಟರ್ ಚೀಟಿ ನೋಡಿ ಒಬ್ಬ ರೋಗಿಗಾಗಿಯೇ ಔಷಧ ಬೆರೆಸಿಕೊಡೋ ಹಳೇ ಪದ್ಧತಿ ಅಲ್ಲಿನ ಕಾನೂನಿನಲ್ಲಿ ಇತ್ತು, ನಮ್ಮ ತಾತನ ಕಾಲದಲ್ಲಿ ಕಾಂಪೌಂಡರ್ ಬಾಟಲಿಗೆ ಮಿಕ್ಸ್ಚರ್ ತುಂಬಿ ಕೊಡ್ತಿದ್ದನಲ್ಲ, ಹಾಗೆ. ಫೇಜ್ ಅನ್ನು ಆ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡರು. ಫೇಜ್ ಶುದ್ಧವಾಗಿದೆಯಾ, ಹೇಳಿದಷ್ಟು ಸಂಖ್ಯೆಯಲ್ಲಿ ಇದೆಯಾ ಅಂತ ಸರ್ಕಾರಿ ಸಂಸ್ಥೆಯೊಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತೆ. ಆ 100 ರೋಗಿಗಳ ಲೆಕ್ಕ ಬಂದಿದ್ದು ಈ ದಾರಿಯಲ್ಲಿ ನಡೆದವರಿಂದಲೇ.